ಜೀತದಿಂದ ಬಿಡಿಸಿದರೆ ಸಾಲದು, ಬಿಡುಗಡೆ ಪತ್ರ ಕೈಗೆ ಬರಬೇಕು

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಗುಲಾಮರನ್ನು ಗುಟ್ಟಾಗಿ ಉತ್ತರದ ರಾಜ್ಯಗಳಿಗೂ ಕೆನಡಾಕ್ಕೂ ದಾಟಿಸಿದವರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ನಮ್ಮ ಕಡೆ ಬಹಳ ಜನ ಓದಿ ಮಾತಾಡಿಕೊಂಡಿದ್ದಾರೆ. ಓದಿದವರಲ್ಲಿ ಹಲವರ ಪ್ರಶ್ನೆ ಒಂದೇ: ತೀರ್ಥಹಳ್ಳಿ ಕಡೆಯ ತೋಟದಲ್ಲೋ ಶಿಕಾರಿಪುರ ಕಡೆಯ ಇಟ್ಟಿಗೆ ಭಟ್ಟಿಯಲ್ಲೋ ಒಂದು ಸಂಸಾರ ಸಾಲಕ್ಕೆ ಸಿಕ್ಕಿ ಜೀತಕ್ಕೆ ಬಿದ್ದಿದೆ ಎಂದು ಗುಮಾನಿ ಬಂದರೆ ಅಕ್ಕಪಕ್ಕದವರು ಏನು ಮಾಡಬೇಕು? ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಜೀತ ಬಿಡುಗಡೆಯ ಕೆಲಸ ಮಾಡುವ ನಾವು ಕೆಲವರು ಸೇರಿ ಅದಕ್ಕೆ ಉತ್ತರ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ. ಆದರೆ ಈ ಕೆಲಸದಲ್ಲಿ, ಸಾಲದಿಂದಲೂ ಜೀತದಿಂದಲೂ ಮುಕ್ತ ಎಂದು ಅಧಿಕಾರಿ ಬರೆದುಕೊಡುವ ಬಿಡುಗಡೆ ಪತ್ರವೂ ಸೇರಿ, ಒಂದು ಕಾಗದ ತಪ್ಪಿದರೂ ಬಿಡುಗಡೆಯಾದವರು ಕೆಲವೇ ತಿಂಗಳಲ್ಲಿ ಇನ್ನೊಂದು ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲು ಮನೆಯಲ್ಲಿ, ಇರುತ್ತಾರೆ. ಹಾಗಾಗಿ ದಯವಿಟ್ಟು ಕತ್ತರಿಸದೆ ಹಾಕಿ.

ಮೊದಲು ಅಲ್ಲಿಗೂ ಇಲ್ಲಿಗೂ ಇರುವ ದೊಡ್ಡ ವ್ಯತ್ಯಾಸ ಹೇಳಬೇಕು. ಅಲ್ಲಿ ಕಾನೂನು ಮಾಲೀಕನ ಕಡೆಗಿತ್ತು. ಪರಾರಿಯಾದ ಗುಲಾಮರ ಬಗ್ಗೆ 1850ರಲ್ಲಿ ಬಂದ ಕಾಯ್ದೆಯ ಪ್ರಕಾರ ಓಡಿಬಂದವರಿಗೆ ಆಸರೆ ಕೊಟ್ಟವರಿಗೆ 1,000 ಡಾಲರ್‌ವರೆಗೆ ದಂಡ, 6 ತಿಂಗಳವರೆಗೆ ಜೈಲು. ಸಿಕ್ಕಿಬಿದ್ದವನನ್ನು ಮಾಲೀಕನಿಗೆ ಒಪ್ಪಿಸಿದರೆ ವಿಚಾರಣೆ ನಡೆಸಿದ ಕಮಿಷನರ್‌ಗೆ 10 ಡಾಲರ್ ಫೀಸು, ಬಿಟ್ಟು ಕಳಿಸಿದರೆ 5 ಡಾಲರ್. ಇಂಥ ಕಾನೂನಿನಡಿ ರಾತ್ರಿ ಹೊತ್ತು ನಡೆಸಿಕೊಂಡು ಹೋಗಿ ಅಟ್ಟದಲ್ಲಿ ಬಚ್ಚಿಡುವುದು ಬಿಟ್ಟು ಅವರಿಗೆ ಬೇರೆ ದಾರಿ ಇರಲಿಲ್ಲ. ನಮ್ಮ ದೇಶದಲ್ಲಿ ಕಾನೂನು ಆಳಿನ ಕಡೆಗಿದೆ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ. ಜೀತ ಪದ್ಧತಿ ರದ್ದತಿ ಕಾಯ್ದೆಗೆ ಅಂಕಿತ ಬಿದ್ದದ್ದು 1976ರ ಫೆಬ್ರವರಿ 9ರಂದು, ಅದು ಜಾರಿಯಾದದ್ದು 1975ರ ಅಕ್ಟೋಬರ್ 25ರಿಂದ ಎಂದೇ ಲೆಕ್ಕ. ಅಂದಿನಿಂದ ಎಲ್ಲ ಜೀತದ ಸಾಲವೂ ವಜಾ. ಆದ್ದರಿಂದ ಇಲ್ಲಿ ನೆರವಾಗುವವರ ಕೆಲಸ ಆಳನ್ನು ಕತ್ತಲಲ್ಲಿ ಸಾಗಿಸುವುದಲ್ಲ, ಹಗಲು ಹೊತ್ತಿನಲ್ಲಿ ಅಧಿಕಾರಿಯನ್ನು ಆ ಲೈನ್ ಮನೆಯ ಬಾಗಿಲಿಗೆ ಕರೆತರುವುದು.

ಜೀತ ಮಲೆನಾಡಿಗೆ ಹೊರಗಿನಿಂದ ಬಂದದ್ದೇನಲ್ಲ. ಬ್ರಿಟಿಷರ ಕಾಲದ ಮೈಸೂರು ಗೆಜೆಟಿಯರ್ ಮಲೆನಾಡಿನ ದಲಿತ ಆಳುಗಳಲ್ಲಿ ಎರಡು ಬಗೆ ಹೇಳುತ್ತದೆ: ಮನೆಯಲ್ಲೇ ಹುಟ್ಟಿ ಆ ಮನೆತನಕ್ಕೇ ಸೇರಿದ ಹುಟ್ಟಾಳು, ಜಮೀನು ಮಾರಿದಾಗ ಅದರ ಜೊತೆಗೇ ಕೈ ಬದಲಾಗುತ್ತಿದ್ದ ಮಣ್ಣಾಳು. ಕಂಪನಿ ಸರ್ಕಾರದ 1843ರ ಕಾಯ್ದೆ ಗುಲಾಮಗಿರಿಗೆ ಕೋರ್ಟಿನ ಮಾನ್ಯತೆ ತೆಗೆದುಹಾಕಿತು, ಸಾಲದ ಹೆಸರಿನ ಹಿಡಿತ ಮಾತ್ರ ಹಾಗೇ ಮುಂದುವರಿಯಿತು. ಪಕ್ಕದ ಯಲ್ಲಾಪುರ, ಹಳಿಯಾಳದ ಕಾಡಂಚಿನ, ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಗೋವೆಯ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಘಟ್ಟ ಸೇರಿದವರ ವಂಶದವರಿದ್ದಾರೆ. ಓಡಿಬಂದವರನ್ನು ಕಂಡ ಕಾಡು ಇದು. ಈಗ ಕಾಣುವ ಜೀತದ ರೂಪ ಬೇರೆ. ಅಡ್ವಾನ್ಸ್ ಕೊಟ್ಟು ದೂರದ ಜಿಲ್ಲೆಯಿಂದಲೋ ಹೊರ ರಾಜ್ಯದಿಂದಲೋ ಮೇಸ್ತ್ರಿ ಕರೆತಂದ ಸಂಸಾರಗಳು, ಕಾಫಿ ತೋಟ, ಶುಂಠಿ ಕಣ, ಇಟ್ಟಿಗೆ ಭಟ್ಟಿ, ಕಲ್ಲು ಕ್ವಾರಿಗಳಲ್ಲಿ.

ಗುರುತು ಹಿಡಿಯುವುದು ಹೇಗೆ ಎನ್ನುವಲ್ಲೇ ಹೆಚ್ಚಿನವರು ಎಡವುತ್ತಾರೆ. ಸರಪಳಿ, ಬೀಗ, ಹೊಡೆತ ಇದ್ದರೆ ಮಾತ್ರ ಜೀತ ಎಂದುಕೊಂಡಿರುತ್ತಾರೆ. ಜೀತ ರದ್ದತಿ ಕಾಯ್ದೆಯ 2ನೇ ಕಲಂ ಹಾಗೆ ಹೇಳುವುದಿಲ್ಲ. ಮುಂಗಡ ಪಡೆದ ಕಾರಣಕ್ಕೋ, ಅಪ್ಪ ಮಾಡಿದ ಸಾಲಕ್ಕೋ, ಜಾತಿಯ ರೂಢಿಗೋ ಒಬ್ಬ ದುಡಿಯುತ್ತಿದ್ದು, ಈ ನಾಲ್ಕರಲ್ಲಿ ಯಾವುದಾದರೂ ಒಂದನ್ನು ಕಳೆದುಕೊಂಡಿದ್ದರೆ ಸಾಕು: ಸರಿಯಾದ ಕೂಲಿ, ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ, ಎಲ್ಲಿಗಾದರೂ ಹೋಗಿಬರುವ ಸ್ವಾತಂತ್ರ್ಯ, ತನ್ನ ವಸ್ತುವನ್ನೋ ದುಡಿಮೆಯ ಫಲವನ್ನೋ ಪೇಟೆ ದರಕ್ಕೆ ಮಾರುವ ಹಕ್ಕು. ನಾಲ್ಕೂ ಇರಬೇಕಿಲ್ಲ, ಒಂದು ಸಾಕು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ (ಏಷ್ಯಾಡ್) ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಹೇಳಿಯಾಗಿದೆ. ಜೀತದ ಸಾಲ ಎಂದು ಆಳು ಹೇಳಿದರೆ, ಅಲ್ಲ ಎಂದು ರುಜುವಾತು ಮಾಡುವ ಹೊಣೆ 15ನೇ ಕಲಂ ಪ್ರಕಾರ ಸಾಲ ಕೊಟ್ಟವನದು. ಈ ಒಂದು ಕಲಂ ಗೊತ್ತಿಲ್ಲದೆ ಎಷ್ಟೋ ಅರ್ಜಿಗಳು ‘ಸಾಕ್ಷ್ಯ ಸಾಲದು’ ಎಂಬ ಷರಾ ಹೊತ್ತು ವಾಪಸು ಬರುತ್ತವೆ.

ಊರಿನಲ್ಲಿ ಇದನ್ನು ಮೊದಲು ಕಾಣುವವರು ಯಾರು? ದಿನಸಿ ಅಂಗಡಿಯವರು, ಏಕೆಂದರೆ ಕೆಲವು ಸಂಸಾರಗಳ ಚೀಟಿ ಯಾವಾಗಲೂ ತೋಟದ ಲೆಕ್ಕಕ್ಕೇ ಹೋಗುತ್ತದೆ, ಕೈಯಿಂದ ಕಾಸು ಬರುವುದೇ ಇಲ್ಲ. ಆಶಾ ಕಾರ್ಯಕರ್ತೆಯರು ಮತ್ತು ಅಂಗನವಾಡಿಯವರು, ಏಕೆಂದರೆ ಬಸುರಿಯನ್ನು ತಪಾಸಣೆಗೆ ಕಳಿಸಲು ತೋಟದ ಲೆಕ್ಕ ಬರೆಯುವ ರೈಟರ್ ಒಪ್ಪಿಗೆ ಕೇಳಬೇಕಾಗುತ್ತದೆ. ಸಂತೆಗೆ ಬರುವ ಜೀಪಿನ ಡ್ರೈವರ್‌ಗಳು. ಸಂತೆಯಲ್ಲಿ ಅಡ್ಡಾಡುವ ಕೂಲಿಯವನನ್ನು ಕಂಡು ‘ಇವನು ಆರಾಮಾಗಿ ಓಡಾಡ್ತಾನಲ್ಲ’ ಎಂದು ತೀರ್ಮಾನಿಸಬಾರದು. ಗಂಡ ಸಂತೆಗೆ ಬಂದಾಗ ಹೆಂಡತಿ ಮಕ್ಕಳು ಲೈನಿನಲ್ಲೇ ಇರುತ್ತಾರೆ. ಊರಲ್ಲಿ ಸಾವಾದರೆ ಒಬ್ಬರನ್ನು ಕಳಿಸಿ ಇನ್ನೊಬ್ಬರನ್ನು ಉಳಿಸಿಕೊಳ್ಳುತ್ತಾರೆ. ಕೇಳಬೇಕಾದ ಪ್ರಶ್ನೆ ಇದು: ಇಡೀ ಸಂಸಾರ ಒಟ್ಟಿಗೆ ಪಾತ್ರೆ ಪಗಡ ಸಮೇತ ಹೊರಟರೆ ಬಿಡುತ್ತಾರಾ?

ಎರಡನೆಯ ಗುರುತು ಲೆಕ್ಕದ ಪುಸ್ತಕದಲ್ಲಿದೆ. ಉದಾಹರಣೆಗೆ ಗಂಡ ಹೆಂಡತಿಗೆ 40,000 ರೂಪಾಯಿ ಮುಂಗಡ ಎಂದಿಟ್ಟುಕೊಳ್ಳಿ. ಇಬ್ಬರಿಗೂ ಸೇರಿ ದಿನಕ್ಕೆ 500 ಎಂದು ಮಾತು, ವಾರಕ್ಕೆ ಆರು ದಿನದ ಕೆಲಸಕ್ಕೆ 3,000. ಬಟವಾಡೆ ದಿನ ಸಂತೆ ಖರ್ಚಿಗೆಂದು ಕೈಗೆ ಕೊಡುವುದು 800. ಉಳಿದ 2,200 ಸಾಲಕ್ಕೆ ಜಮಾ ಆದರೆ 19ನೇ ವಾರಕ್ಕೆ ಸಾಲ ತೀರಿ ಅವರಿಗೇ ಕಾಸು ಬರಬೇಕು. ಆದರೆ ವರ್ಷ ಕಳೆದ ಮೇಲೆ ಪುಸ್ತಕ ನೋಡಿದರೆ ಬಾಕಿ 46,000 ಎಂದಿರುತ್ತದೆ. ಮಳೆಗಾಲದಲ್ಲಿ ಕೆಲಸವಿಲ್ಲದ ದಿನಕ್ಕೆ ಕೂಲಿ ಇಲ್ಲ, ಅಕ್ಕಿ ಮಾತ್ರ ಸಾಲಕ್ಕೆ ಬರೆದದ್ದು. ಜ್ವರ ಬಂದಾಗ ಜೀಪಿನ ಬಾಡಿಗೆ. ಕರೆತಂದ ಲಾರಿಯ ಬಾಡಿಗೆಯೂ ಅವರ ತಲೆಗೇ. ಜಮಾ ಕಾಲಮ್ಮಿನಲ್ಲಿ ಕೆಲವು ವಾರ ಬರೀ ಗೀಟು. ಹೆಂಡತಿಯ ದುಡಿಮೆಗೆ ಬೇರೆ ಸಾಲೇ ಇರುವುದಿಲ್ಲ, ಗಂಡನ ಹೆಸರಿನ ಕೆಳಗೆ ‘ಜೋಡಿ’ ಎಂದು ಬರೆದು ಮುಗಿಸಿರುತ್ತಾರೆ. ಈ ಪುಸ್ತಕದ ಪುಟಗಳನ್ನು ಆಳಿನ ಮೊಬೈಲಿನಲ್ಲೇ ಫೋಟೋ ತೆಗೆದಿಡಲು ಸಾಧ್ಯವಾದರೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಫೋಟೋವನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ತೋಟದ ರೈಟರ್ ಆ ಗುಂಪಿನಲ್ಲಿ ಇಲ್ಲದಿದ್ದರೆ ಅವನ ಭಾವನಾದರೂ ಇರುತ್ತಾನೆ.

ಅರ್ಜಿಗೆ ಮುಂಚೆ ಬರೆದುಕೊಳ್ಳಬೇಕು. ಇದನ್ನು ಒತ್ತಿ ಹೇಳಲು ನಿಮ್ಮ ಲೇಖನದಲ್ಲಿ ಒಂದೇ ಸಾಲಿನಲ್ಲಿ ಬಂದುಹೋದ ವಿಲಿಯಂ ಸ್ಟಿಲ್ ಬಗ್ಗೆ ಸ್ವಲ್ಪ ಬರೆಯುತ್ತೇವೆ. ಫಿಲಡೆಲ್ಫಿಯಾದ ಗುಲಾಮಗಿರಿ ವಿರೋಧಿ ಸಂಘದ ಕಚೇರಿಯಲ್ಲಿ 1847ರಲ್ಲಿ ಗುಮಾಸ್ತನಾಗಿ ಸೇರಿದ ಕಪ್ಪು ಮನುಷ್ಯ ಆತ. 1852ರಿಂದ, ಓಡಿಬಂದವರಿಗೆ ನೆರವಾಗುವ ಅಲ್ಲಿನ ಜಾಗೃತಿ ಸಮಿತಿಯ ಮುಂದಾಳು. ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಪ್ರತಿಯೊಬ್ಬರನ್ನೂ ಕೂರಿಸಿ ಹೆಸರು, ವಯಸ್ಸು, ಬಂದ ಊರು, ಮಾಲೀಕನ ಹೆಸರು, ಹಿಂದೆ ಉಳಿದ ಅಪ್ಪ ಅಮ್ಮ ಮಕ್ಕಳ ಹೆಸರು, ಇನ್ನು ಮುಂದೆ ಇಟ್ಟುಕೊಳ್ಳುವ ಹೊಸ ಹೆಸರು, ಅವರಿಗಾಗಿ ಮಾಡಿದ ಖರ್ಚು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. 1850ರಲ್ಲಿ ಹೀಗೆ ತನ್ನವರನ್ನು ಹುಡುಕಿಕೊಂಡು ಬಂದ ಪೀಟರ್ ಎಂಬಾತನನ್ನು ವಿಚಾರಿಸುತ್ತ ಹೋದಾಗ, ನಲವತ್ತು ವರ್ಷ ಹಿಂದೆ ತಾಯಿಯಿಂದ ಅಗಲಿಹೋದ ತನ್ನ ಸ್ವಂತ ಅಣ್ಣನೇ ಅವನೆಂದು ಗೊತ್ತಾಯಿತು. ಆಮೇಲೆ ಆತ ಬರೆಯುವುದನ್ನು ಬಿಡಲೇ ಇಲ್ಲ. ಸಿಕ್ಕಿದರೆ ಜೈಲು ಖಂಡಿತ ಎನ್ನುವ ಆ ದಾಖಲೆಗಳನ್ನು ಬಚ್ಚಿಟ್ಟು ಕಾಪಾಡಿ, 1872ರಲ್ಲಿ ಅಚ್ಚು ಹಾಕಿಸಿದ. ಚದುರಿಹೋದ ಸಂಸಾರಗಳು ಒಬ್ಬರನ್ನೊಬ್ಬರು ಹುಡುಕಿಕೊಳ್ಳಲಿ ಎಂಬುದೇ ಆತನ ಉದ್ದೇಶ. ಧೈರ್ಯವಂತರ ಕಥೆಯಲ್ಲಿ ಈ ಗುಮಾಸ್ತಿಕೆಗೆ ಜಾಗ ಸಿಗುವುದು ಕಡಿಮೆ. ನಮ್ಮ ಪ್ರಕಾರ ಇಡೀ ಜಾಲದ ಬೆನ್ನೆಲುಬೇ ಅದು.

ನಮ್ಮಲ್ಲಿ ಬರೆದುಕೊಳ್ಳಬೇಕಾದ್ದು ಹೀಗಿದೆ. ಪ್ರತಿಯೊಬ್ಬರ ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಜಾತಿ, ಸ್ವಂತ ಊರು, ತಾಲ್ಲೂಕು, ಜಿಲ್ಲೆ. ಮಕ್ಕಳನ್ನು ಬಿಡಬಾರದು, ಅವರೂ ಮೆಣಸು ಆಯುತ್ತಿರಬಹುದು, ಇಟ್ಟಿಗೆ ತಿರುವಿಹಾಕುತ್ತಿರಬಹುದು. ಮುಂಗಡ ಎಷ್ಟು, ಯಾರ ಕೈಯಿಂದ, ಯಾವ ಹಬ್ಬದ ಹಿಂದುಮುಂದು, ಯಾರ ಎದುರಿಗೆ. ತಾರೀಖು ಕೇಳಿದರೆ ಹೇಳಲಾರರು, ‘ದೀಪಾವಳಿಗೆ ಮೊದಲೋ ಆಮೇಲೋ’ ಎಂದು ಕೇಳಿದರೆ ಸರಿಯಾಗಿ ಹೇಳುತ್ತಾರೆ. ಖಾಲಿ ಕಾಗದಕ್ಕೋ ಪ್ರೋನೋಟಿಗೋ ಹೆಬ್ಬೆಟ್ಟು ಹಾಕಿಸಿದ್ದಾರಾ, ಸಹಿ ಮಾಡಿದ ಚೆಕ್ ಇಟ್ಟುಕೊಂಡಿದ್ದಾರಾ. ಆಧಾರ್, ರೇಷನ್ ಕಾರ್ಡ್, ಎಟಿಎಂ ಕಾರ್ಡ್ ಯಾರ ಹತ್ತಿರ ಇವೆ. ಬೆಳಿಗ್ಗೆ ಎಷ್ಟಕ್ಕೆ ಕೆಲಸ ಶುರು, ಬಿಡುವುದು ಎಷ್ಟಕ್ಕೆ. ಪಕ್ಕದ ತೋಟದಲ್ಲಿ ಹೆಚ್ಚು ಕೂಲಿಗೆ ಕರೆದರೆ ಹೋಗಬಹುದಾ. ಹಿಂದೆ ಯಾರಾದರೂ ಬಿಟ್ಟು ಹೋಗಲು ನೋಡಿದ್ದರೆ ಅವರಿಗೆ ಏನಾಯಿತು. ಕೊನೆಯದಾಗಿ ಜಾಗದ ಗುರುತು. ಮಲೆನಾಡಿನಲ್ಲಿ ‘ಇಂಥವರ ತೋಟ’ ಎಂದರೆ ನೂರಾರು ಎಕರೆ, ಮೂರು ದಾರಿ, ನಾಲ್ಕು ಗೇಟು. ಯಾವ ಗೇಟಿನಿಂದ ಎಷ್ಟು ದೂರ, ಹಳ್ಳದ ಯಾವ ಕಡೆ, ಲೈನಿನಲ್ಲಿ ಎಷ್ಟನೇ ಮನೆ ಎಂದು ನಕ್ಷೆ ಬರೆದುಕೊಳ್ಳಿ. ಒಳಗೆ ನೆಟ್‌ವರ್ಕ್ ಇರುವುದಿಲ್ಲ, ಫೋನಿನ ಮ್ಯಾಪ್ ನಂಬಿ ಹೋದವರು ತಪ್ಪು ಗೇಟಿನಲ್ಲಿ ಅರ್ಧ ಗಂಟೆ ಕಳೆದರೆ ಆ ಅರ್ಧ ಗಂಟೆಯಲ್ಲಿ ಲೈನ್ ಖಾಲಿಯಾಗಿರುತ್ತದೆ.

ಅರ್ಜಿಯನ್ನು ಜಿಲ್ಲಾಧಿಕಾರಿಗಳ ಹೆಸರಿಗೆ ಬರೆದು, ಪ್ರತಿಯನ್ನು ಉಪವಿಭಾಗಾಧಿಕಾರಿಗಳಿಗೆ ಕೊಡಬೇಕು. ಶಿವಮೊಗ್ಗ ಜಿಲ್ಲೆಯಲ್ಲಿ ಉಪವಿಭಾಗ ಎರಡು, ಶಿವಮೊಗ್ಗ ಮತ್ತು ಸಾಗರ. ಕೆಳಗಿನ ಕಚೇರಿಗಳಲ್ಲಿ ಕೊಟ್ಟು ಬಂದರೆ ಸುದ್ದಿ ಅರ್ಜಿಗಿಂತ ಮೊದಲು ತೋಟ ಮುಟ್ಟುವ ಸಂಭವ ಹೆಚ್ಚು. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ತಾನೂ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಆಮೇಲೆ ಬೇರೆಯವರನ್ನೂ ಬಿಡಿಸಿ ತಂದ ಹ್ಯಾರಿಯೆಟ್ ಟಬ್‌ಮನ್ ಶನಿವಾರ ರಾತ್ರಿ ಜನರನ್ನು ಹೊರಡಿಸುತ್ತಿದ್ದಳಂತೆ, ಸೋಮವಾರದವರೆಗೆ ಪತ್ರಿಕೆಯಲ್ಲಿ ತಲಾಶಿನ ಜಾಹೀರಾತು ಬರುವುದಿಲ್ಲ ಎಂದು. ನಮಗೆ ವಾರದ ಲೆಕ್ಕ ಉಲ್ಟಾ. ಶುಕ್ರವಾರ ಸಂಜೆ ಅರ್ಜಿ ಕೊಡಲೇಬಾರದು. ಎರಡನೇ, ನಾಲ್ಕನೇ ಶನಿವಾರ ಕಚೇರಿ ಇಲ್ಲ, ಭಾನುವಾರ ಇಲ್ಲ, ಅಷ್ಟರಲ್ಲಿ ಜನರನ್ನು ಬೇರೆ ಎಸ್ಟೇಟಿಗೆ ಸಾಗಿಸಲು ಮೂರು ರಾತ್ರಿ ಸಿಗುತ್ತದೆ. ಸೋಮವಾರ ಅಥವಾ ಮಂಗಳವಾರ ಬೆಳಿಗ್ಗೆ ಕೊಡಿ. ಪ್ರಾಣಕ್ಕೆ ಅಪಾಯವಿದ್ದರೆ ಯಾವ ದಿನವೂ ಕಾಯಬೇಡಿ, 112ಕ್ಕೆ ಕರೆ ಮಾಡಿ. ಮಕ್ಕಳಿದ್ದರೆ 1098. ಉಚಿತ ವಕೀಲರ ನೆರವಿಗೆ 15100. ಬಿಟ್ಟಿ ದುಡಿಮೆಗೆ ಬಲಿಯಾದವರಿಗೆ, ಹೆಂಗಸರಿಗೆ, ಪರಿಶಿಷ್ಟರಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರನ್ನು ಪುಕ್ಕಟೆ ಕೊಡಬೇಕೆಂದು 1987ರ ಕಾಯ್ದೆಯಲ್ಲೇ ಇದೆ.

ಕೆಲವು ಉತ್ಸಾಹಿ ಹುಡುಗರು ರಾತ್ರಿ ಪಿಕಪ್ ತಗೊಂಡು ಹೋಗಿ ಜನರನ್ನು ತುಂಬಿಕೊಂಡು ಬಂದುಬಿಡುತ್ತಾರೆ. ಅವರ ಮನಸ್ಸು ದೊಡ್ಡದು, ಆದರೆ ಆಗುವುದೇ ಬೇರೆ. ಬೆಳಗಾಗುವುದರೊಳಗೆ ಕಾಫಿ ಬೀಜ ಕದ್ದರು, ಅಡ್ವಾನ್ಸ್ ತಗೊಂಡು ಮೋಸ ಮಾಡಿದರು ಎಂದು ಠಾಣೆಯಲ್ಲಿ ದೂರು ಬಿದ್ದಿರುತ್ತದೆ. ಲೈನಿನಲ್ಲಿ ಉಳಿದ ಸಂಸಾರಗಳ ಮೇಲೆ ಕಾವಲು ಬಿಗಿಯಾಗುತ್ತದೆ. ಸ್ಥಳದಲ್ಲಿ ಮಹಜರು ಆಗದ ಕಾರಣ ಲೆಕ್ಕದ ಪುಸ್ತಕ ಒಲೆಗೆ ಹೋಗುತ್ತದೆ. ತಾವಾಗಿಯೇ ಓಡಿಬಂದವರ ಮಾತು ಬೇರೆ. ಅವರಿಗೂ ಬಿಡುಗಡೆ ಪತ್ರದ ಹಕ್ಕು ಇದ್ದೇ ಇದೆ. ‘ಈಗ ಅಲ್ಲಿಲ್ಲವಲ್ಲ, ಇನ್ನೇನು’ ಎಂದು ಕಚೇರಿಯಲ್ಲಿ ಹೇಳಿದರೆ ಒಪ್ಪಬೇಡಿ, ಹೇಳಿಕೆ ದಾಖಲಿಸಿಕೊಳ್ಳಿ ಎಂದು ಪಟ್ಟು ಹಿಡಿಯಿರಿ.

ಅಧಿಕಾರಿಗಳ ತಂಡ ಹೋಗುವ ದಿನ ವಾಹನದ ಲೆಕ್ಕ ಸರಿಯಾಗಿರಬೇಕು. ಇದು ಸಣ್ಣ ಮಾತಲ್ಲ. ನಾಲ್ಕು ಸಂಸಾರ ಎಂದರೆ ಮಕ್ಕಳು ಸೇರಿ 16ರಿಂದ 20 ಜನ, ಒಂದು ಸಣ್ಣ ಟೆಂಪೊ ಟ್ರಾವೆಲರ್‌ನಲ್ಲಿ ಹಿಡಿಸುವುದಿಲ್ಲ. ಜೊತೆಗೆ ಸಾಮಾನಿಗೆ ಒಂದು ಪಿಕಪ್ ಬೇಕೇ ಬೇಕು. ಕಂಬಳಿ, ಅಲ್ಯೂಮಿನಿಯಂ ಪಾತ್ರೆ, ಮಳೆಗೆ ಹೊದೆಯುವ ಪ್ಲಾಸ್ಟಿಕ್, ತಗಡಿನ ಪೆಟ್ಟಿಗೆ, ಐದಾರು ಕೋಳಿ, ಒಮ್ಮೊಮ್ಮೆ ಒಂದು ಆಡು. ‘ಸಾಮಾನು ಆಮೇಲೆ ನೋಡೋಣ, ಮೊದಲು ಹತ್ತಿ’ ಎಂದು ಅವಸರ ಮಾಡಿದರೆ, ಮಾರನೇ ವಾರ ಆ ಕೋಳಿಗೂ ಪೆಟ್ಟಿಗೆಗೂ ಮನೆಯಾಕೆ ಒಬ್ಬಳೇ ವಾಪಸು ಹೋಗುತ್ತಾಳೆ, ಅಲ್ಲಿ ರಾಜಿ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡು ಕಳಿಸುತ್ತಾರೆ. ಸಾಮಾನೆಲ್ಲ ಮಹಜರಿನಲ್ಲಿ ಬರೆಸಿ, ಆ ದಿನವೇ ತುಂಬಿಸಿ. ತಂಡದಲ್ಲಿ ಮಹಿಳಾ ಪೊಲೀಸ್ ಇರಬೇಕು, ಹೊರ ರಾಜ್ಯದವರಾದರೆ ಅವರ ಮಾತು ಬಲ್ಲವರು ಬೇಕು. ಮೇಸ್ತ್ರಿಯನ್ನೇ ದುಭಾಷಿ ಮಾಡಿಕೊಂಡರೆ ವಿಚಾರಣೆ ಅಲ್ಲಿಗೇ ಮುಗಿದಂತೆ. ರಾತ್ರಿ ತಂಗಲು ಸಮುದಾಯ ಭವನವೋ ಹಾಸ್ಟೆಲ್ಲೋ ಮೊದಲೇ ಗೊತ್ತು ಮಾಡಿಸಿ, ಅನ್ನ ನೀರಿನ ವ್ಯವಸ್ಥೆ ನೋಡಿ. ತಂದೆ ತಾಯಿ ಜೊತೆಗಿಲ್ಲದ ಮಕ್ಕಳನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

ಹೆಚ್ಚಿನ ಬಿಡುಗಡೆಗಳು ಹಾಳಾಗುವುದು ವಿಚಾರಣೆಯಲ್ಲಿ. ಸಾಹುಕಾರರು ಕುರ್ಚಿಯಲ್ಲಿ, ಆಳುಗಳು ಅಂಗಳದಲ್ಲಿ ಸಾಲಾಗಿ ನಿಂತು, ‘ನಿಮ್ಮನ್ನ ಕಟ್ಟಿಹಾಕಿದಾರೇನ್ರೋ?’ ಎಂದು ಕೇಳಿದರೆ ಬರುವ ಉತ್ತರ ಗೊತ್ತೇ ಇದೆ. ಒಬ್ಬೊಬ್ಬರನ್ನೇ, ಮಾಲೀಕ ಮೇಸ್ತ್ರಿ ಕಣ್ಣಿಗೆ ಬೀಳದ ಕಡೆ, ತೋಟದ ಹೊರಗೆ ಕೂರಿಸಿ ಕೇಳಬೇಕು. ಹೆಂಗಸರ ಹೇಳಿಕೆ ಬೇರೆಯಾಗಿ ಬರೆಯಬೇಕು. ಮೊಬೈಲ್ ಇದೆ, ಹೊಸ ಬಟ್ಟೆ ಇದೆ, ಆದ್ದರಿಂದ ಜೀತವಲ್ಲ ಎನ್ನುವ ವಾದ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಹೆಬ್ಬೆಟ್ಟು ತುಂಬಿದ ಹಾಜರಿ ಪುಸ್ತಕ ತೋರಿಸಿದರೆ ಎಲ್ಲ ಹೆಬ್ಬೆಟ್ಟುಗಳ ಶಾಯಿ ಒಂದೇ ದಿನದ್ದೇ ಎಂದು ನೋಡಬೇಕು. ಅದಕ್ಕಿಂತ ದೊಡ್ಡ ಅಪಾಯ ರಾಜಿ. ‘ಬಾಕಿ ಕೂಲಿ ಕೊಡಿಸಿ ಬಸ್ಸು ಹತ್ತಿಸ್ತೀವಿ, ಕೇಸು ಯಾಕೆ?’ ಎಂದು ಠಾಣೆಯ ಕಟ್ಟೆಯಲ್ಲಿ ಮುಗಿಸುತ್ತಾರೆ. ಕೇಳಲು ಹಿತವಾಗಿರುತ್ತದೆ, ಆಳುಗಳೂ ಒಪ್ಪುತ್ತಾರೆ, ಅವರಿಗೆ ಮನೆ ಸೇರಿದರೆ ಸಾಕಾಗಿರುತ್ತದೆ. ಆದರೆ ಜೀತವೆಂದು ದಾಖಲಾಗದೆ ಹೋದರೆ ಸಾಲ ವಜಾ ಆಗಿದೆ ಎನ್ನಲು ಕಾಗದವಿಲ್ಲ, ನೆರವು ಇಲ್ಲ, ಮೇಸ್ತ್ರಿ ಊರಿಗೇ ಬಂದು ಬಾಗಿಲು ಬಡಿಯುತ್ತಾನೆ.

ಈ ಎಲ್ಲ ಓಡಾಟವೂ ಬಿಡುಗಡೆ ಪತ್ರಕ್ಕಾಗಿಯೇ. ಕುಟುಂಬಕ್ಕೆ ಒಂದು ಪತ್ರ ಕೊಡುವ ಅಭ್ಯಾಸವಿದೆ, ಅದು ತಪ್ಪು. ಪ್ರತಿ ವ್ಯಕ್ತಿಗೂ, ದುಡಿದ ಮಗುವಿಗೂ, ಹೆಂಡತಿಗೂ ಬೇರೆ ಬೇರೆ ಪತ್ರ ಬೇಕು. ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇರಲಿ. ಒಂದು ಅಕ್ಷರ ಬದಲಾದರೂ ಮುಂದೆ ಬ್ಯಾಂಕಿನಲ್ಲಿ ಹಣ ನಿಲ್ಲುತ್ತದೆ. ದುಡಿಸಿದವನ ಹೆಸರು, ಸ್ಥಳ, ಸಾಲದ ಮೊತ್ತ, 1976ರ ಕಾಯ್ದೆಯಡಿ ಸಾಲದಿಂದಲೂ ದುಡಿಮೆಯ ಕಟ್ಟಿನಿಂದಲೂ ಮುಕ್ತ ಎಂಬ ಒಕ್ಕಣೆ, ಸಂಖ್ಯೆ, ತಾರೀಖು, ಅಧಿಕಾರಿಯ ಸಹಿ, ಸೀಲು ಎಲ್ಲವೂ ಇದೆಯೇ ಎಂದು ಅಲ್ಲೇ ನಿಂತು ಓದಿ. ಮೂಲ ಪತ್ರ ಅವರ ಕೈಯಲ್ಲಿರಲಿ. ನೆರವಾದ ಸಂಸ್ಥೆಯವರು ಫೈಲಿನಲ್ಲಿ ಇಟ್ಟುಕೊಳ್ಳುವುದು ಬೇಡ. ಮಳೆಗಾಲದಲ್ಲಿ ಸೋರುವ ಮನೆಯಲ್ಲಿ ಕಾಗದ ಉಳಿಯುವುದಿಲ್ಲ, ಲ್ಯಾಮಿನೇಷನ್ ಮಾಡಿಸಿ, ನಾಲ್ಕು ಜೆರಾಕ್ಸ್ ಕೊಡಿ.

ಹಣದ ಮಾತು. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಬಿಡುಗಡೆಯಾದ ಕೂಡಲೇ ಕೊಡಬೇಕಾದ ನೆರವು 2016ರಲ್ಲಿ 20,000 ರೂಪಾಯಿ ಇತ್ತು, ಆಮೇಲೆ 30,000ದವರೆಗೆ ಏರಿಸಿದ್ದಾರೆ. ಇದಕ್ಕೆ ಕೇಸಿನ ತೀರ್ಪು ಕಾಯಬೇಕಿಲ್ಲ. ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 10 ಲಕ್ಷ ರೂಪಾಯಿಯ ಪುನರ್ವಸತಿ ನಿಧಿ ಜಿಲ್ಲಾಧಿಕಾರಿಗಳ ಕೈಯಲ್ಲಿ ಇರಬೇಕೆಂದು ಯೋಜನೆಯೇ ಹೇಳುತ್ತದೆ, ‘ಬೆಂಗಳೂರಿನಿಂದ ಹಣ ಬಂದಿಲ್ಲ’ ಎನ್ನಲು ಬರುವುದಿಲ್ಲ. ಪೂರ್ತಿ ನೆರವು ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಲೈಂಗಿಕ ಶೋಷಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ. ಹೆಂಡತಿಯ ಹೆಸರು ಬಿಟ್ಟು ಗಂಡನಿಗೊಂದೇ ಪತ್ರ ಕೊಟ್ಟರೆ ಆ ಮನೆಗೆ ಆಗುವ ನಷ್ಟ ಎಷ್ಟೆಂದು ಇದರಲ್ಲೇ ಕಾಣುತ್ತದೆ. ಈ ದೊಡ್ಡ ಮೊತ್ತ ಜೀತ ನಡೆದದ್ದು ನ್ಯಾಯಾಲಯದ ಪ್ರಕ್ರಿಯೆಯಲ್ಲಿ ರುಜುವಾಗುವುದಕ್ಕೆ ಗಂಟು ಬಿದ್ದಿದೆ. ಈ ಷರತ್ತು ಅನ್ಯಾಯದ್ದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಆದರೆ ಷರತ್ತು ಇರುವವರೆಗೂ ಎಫ್‌ಐಆರ್ ಇಲ್ಲದ ಬಿಡುಗಡೆ ಅರ್ಧ ಬಿಡುಗಡೆಯೇ. ಖಾತೆಯ ವಿಷಯದಲ್ಲೂ ಎಚ್ಚರ ಬೇಕು. ಇದ್ದ ಖಾತೆಯನ್ನು ತೋಟದವರೇ ತೆರೆಸಿದ್ದು, ಎಟಿಎಂ ಕಾರ್ಡೂ ಪಿನ್ ನಂಬರೂ ರೈಟರ್ ಹತ್ತಿರವೇ ಇದ್ದರೆ ಸರ್ಕಾರದ ನೆರವು ನೇರ ಅವನ ಜೇಬಿಗೆ. ಹೊಸ ಖಾತೆ ತೆರೆಸಿ, ಹೆಂಡತಿಗೆ ಅವಳದೇ ಖಾತೆ.

ಎಫ್‌ಐಆರ್‌ನಲ್ಲಿ 1976ರ ಕಾಯ್ದೆ ಒಂದನ್ನೇ ಹಾಕಿಸಿ ಬಂದರೆ ಸಾಲದು. ಅದರಡಿ ಶಿಕ್ಷೆ 3 ವರ್ಷದವರೆಗೆ, ದಂಡ 2,000 ರೂಪಾಯಿವರೆಗೆ, ಜಾಮೀನು ಸಿಗುವ ಅಪರಾಧ. ಆಸೆ ತೋರಿಸಿಯೋ ಮೋಸದಿಂದಲೋ ಕರೆತಂದು ಗುಲಾಮರಂತೆ ದುಡಿಸಿದ್ದರೆ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಮಾನವ ಸಾಗಣೆಗೆ ಅನ್ವಯಿಸುತ್ತದೆ, ಅದಕ್ಕೆ ಕನಿಷ್ಠ 7 ವರ್ಷ. ಕೂಡಿಹಾಕಿದ್ದರೆ ಅದು ಇನ್ನೊಂದು ಬೇರೆ ಅಪರಾಧ. ಪರಿಶಿಷ್ಟ ಜಾತಿ ಪಂಗಡದವರನ್ನು ಜೀತಕ್ಕೆ ಇಟ್ಟುಕೊಳ್ಳುವುದು ದೌರ್ಜನ್ಯ ತಡೆ ಕಾಯ್ದೆಯಡಿಯೂ ಅಪರಾಧ. ದೂರಿನಲ್ಲಿ ಈ ವಿವರಗಳು ಸ್ಪಷ್ಟವಾಗಿ ಇದ್ದರೆ ಮಾತ್ರ ಈ ಕಲಂಗಳು ಬರುತ್ತವೆ, ಮೊದಲೇ ಬರೆದುಕೊಂಡ ನೋಟ್‌ಬುಕ್ ಇಲ್ಲೂ ಕೆಲಸಕ್ಕೆ ಬರುತ್ತದೆ.

ಊರಿಗೆ ಕಳಿಸಿದ ಮೇಲೆ ಮೊದಲ ಕೆಲವು ತಿಂಗಳು ಕಷ್ಟದ್ದು. ಅವರ ಸ್ವಂತ ಜಿಲ್ಲೆಯ ಜಿಲ್ಲಾಧಿಕಾರಿಗೆ ಇಲ್ಲಿಂದ ಪತ್ರ ಹೋಗಿದೆಯೇ ನೋಡಿ. ಸಾಲ ಕೊಟ್ಟವನು ಪ್ರೋನೋಟು ಹಿಡಿದು ಬಂದರೆ ಒಂದು ರೂಪಾಯಿಯೂ ಕೊಡಬಾರದು. ವಜಾ ಆದ ಸಾಲಕ್ಕೆ ಹಣ ವಸೂಲಿ ಮಾಡುವುದೇ 9ನೇ ಕಲಂ ಪ್ರಕಾರ ಅಪರಾಧ, ಅವನು ಕೋರ್ಟಿಗೆ ಹೋದರೆ ಬಿಡುಗಡೆಯಾದವರ ಪರ ನಿಲ್ಲುವುದು ಈ ಕಾಯ್ದೆಯಡಿ ನಮ್ಮಲ್ಲಿ ರಚಿಸಬೇಕಾದ ಜಾಗೃತಿ ಸಮಿತಿಯ ಕರ್ತವ್ಯ ಎಂದು 14ನೇ ಕಲಂನಲ್ಲಿದೆ. ರೇಷನ್ ಕಾರ್ಡ್, ಉದ್ಯೋಗ ಖಾತ್ರಿ ಕೆಲಸ, ಮಕ್ಕಳಿಗೆ ಹಾಸ್ಟೆಲ್ ಸೀಟು ಇವು ಬೇಗ ಆಗದಿದ್ದರೆ ಮುಂದಿನ ಮದುವೆಗೋ ಆಸ್ಪತ್ರೆಗೋ ಮತ್ತೆ ಮೇಸ್ತ್ರಿಯ ಮುಂಗಡವೇ ಗತಿ.

ಬೆಳೆಗಾರ ಮಿತ್ರರಿಗೂ ಒಂದು ಮಾತು. ಮುಂಗಡ ಕೊಟ್ಟವರೆಲ್ಲ ಜೀತ ಮಾಡಿಸುವವರು ಎಂದು ನಾವು ಹೇಳುತ್ತಿಲ್ಲ. ಕುಯ್ಲಿನ ಹೊತ್ತಿಗೆ ಜನ ಸಿಗದ ಸಂಕಟ ನಮಗೂ ಗೊತ್ತು. ಕನಿಷ್ಠ ಕೂಲಿ ಪೂರ್ತಿ ಕೈಗೇ ಕೊಡಿ, ಗಂಡ ಹೆಂಡತಿಗೆ ಬೇರೆ ಬೇರೆ ಲೆಕ್ಕ ಇಡಿ, ಲೆಕ್ಕದ ಒಂದು ಪ್ರತಿ ಅವರಿಗೂ ಇರಲಿ, ಅವರ ಕಾರ್ಡುಗಳನ್ನು ಇಟ್ಟುಕೊಳ್ಳಬೇಡಿ, ಸಾಲ ಬಾಕಿ ಇದ್ದರೂ ಹೋಗುತ್ತೇನೆ ಎಂದವರನ್ನು ತಡೆಯಬೇಡಿ. ಮೇಸ್ತ್ರಿ ಎಷ್ಟು ಮುಂಗಡ ಕೊಟ್ಟು ಕರೆತಂದಿದ್ದಾನೆ ಎಂದು ನೀವೇ ಅವರನ್ನು ಕೇಳಿ. ‘ಅದು ಮೇಸ್ತ್ರಿ ವ್ಯವಹಾರ, ನಮಗೆ ಸಂಬಂಧ ಇಲ್ಲ’ ಎನ್ನುವುದು ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಕಡೆಯದಾಗಿ ಜಿಲ್ಲಾಡಳಿತಕ್ಕೆ ನಮ್ಮ ಒತ್ತಾಯ. ಕಾಯ್ದೆಯ 13ನೇ ಕಲಂ ಪ್ರಕಾರ ಜಿಲ್ಲೆಗೂ ಪ್ರತಿ ಉಪವಿಭಾಗಕ್ಕೂ ಜಾಗೃತಿ ಸಮಿತಿ ಇರಬೇಕು. ಅದರಲ್ಲಿ ಆ ಪ್ರದೇಶದ ಪರಿಶಿಷ್ಟ ಜಾತಿ ಪಂಗಡಗಳ ಮೂವರು, ಇಬ್ಬರು ಸಮಾಜ ಸೇವಕರು, ಗ್ರಾಮೀಣಾಭಿವೃದ್ಧಿಗೆ ಸಂಬಂಧಪಟ್ಟವರು, ಬ್ಯಾಂಕಿನ ಒಬ್ಬರು. ವಿಲಿಯಂ ಸ್ಟಿಲ್‌ನ ಸಮಿತಿ ಸರ್ಕಾರಕ್ಕೆ ಹೆದರಿ ಕೆಲಸ ಮಾಡಬೇಕಿತ್ತು, ನಮ್ಮ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಪ್ರತಿ ಫೆಬ್ರವರಿ 9ರಂದು ಕಚೇರಿಗಳಲ್ಲಿ ಪ್ರತಿಜ್ಞೆ ಬೋಧಿಸುವುದು ಒಳ್ಳೆಯದೇ. ಅದರ ಜೊತೆ ಸಮಿತಿ ಸದಸ್ಯರ ಹೆಸರು, ಫೋನ್ ನಂಬರನ್ನು ಪ್ರತಿ ತಾಲ್ಲೂಕು ಕಚೇರಿ, ಗ್ರಾಮ ಪಂಚಾಯಿತಿ, ಸಂತೆ ಮೈದಾನದ ಗೋಡೆಯ ಮೇಲೆ ಕನ್ನಡದಲ್ಲೂ ಹಿಂದಿಯಲ್ಲೂ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಹಿಂದಿನ ವರ್ಷ ಎಷ್ಟು ಅರ್ಜಿ ಬಂದವು, ಎಷ್ಟು ಬಿಡುಗಡೆ ಪತ್ರ ಕೊಟ್ಟರು, ಎಷ್ಟು ಜನರಿಗೆ ತಕ್ಷಣದ ನೆರವು ಯಾವ ತಾರೀಖಿಗೆ ಸಂದಾಯವಾಯಿತು ಎಂಬ ಪಟ್ಟಿಯನ್ನು, ಕಾರ್ಮಿಕರ ಹೆಸರು ಬಿಟ್ಟು, ಪ್ರಕಟಿಸಬೇಕು. ಕಾಫಿ ಕುಯ್ಲು, ಅಡಿಕೆ ಕೊಯ್ಲಿಗೆ ಹೊರಗಿನಿಂದ ಜನ ಬಂದಿಳಿಯುವ ಮೊದಲೇ ಇದು ಆಗಬೇಕು.

ಇಂತಿ,
ಜೀತ ಬಿಡುಗಡೆಯ ಕೆಲಸದಲ್ಲಿರುವ ಕೆಲವರು,
ಶಿವಮೊಗ್ಗ